ಗುಡಿಸಿಟ್ಟ ಮರಳು

ಅರವತ್ತರ ದಶಕದ ನಡುವಿನಲ್ಲಿ ನಾನು ಕೆಲಸಕ್ಕೆ ಸೇರಿದ ಆಫೀಸು ನಮ್ಮ ಕರಾವಳಿ ಊರಿನ ಹಂಪನಕಟ್ಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ಕಂಡಕ್ಟರುಗಳು ಊರುಗಳ ಹೆಸರು ಕೂಗುವ ಗದ್ದಲ, ಮುಚ್ಚಿದರೆ ಸೆಕೆ. ನಾವು ಹೆಚ್ಚಾಗಿ ತೆರೆದೇ ಇಡುತ್ತಿದ್ದೆವು. ಕೈಗಾರಿಕೆಗಳಿಗೆ ದೀರ್ಘಾವಧಿಯ ಸಾಲ ಕೊಡುವುದು ನಮ್ಮ ಸಂಸ್ಥೆಯ ಕೆಲಸ. ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಮಂಜುಗಡ್ಡೆಯ ಘಟಕ, ಹೀಗೆ ಯಾವುದಾದರೂ ಅರ್ಜಿ ಬಂದರೆ ನಮ್ಮಲ್ಲಿ ಒಬ್ಬರು ಹೋಗಿ ಸ್ಥಳ ನೋಡಿ, ಅಚ್ಚು ಹಾಕಿದ ನಮೂನೆಯನ್ನು ತುಂಬಿ ವರದಿ ಬರೆಯಬೇಕು. ಆ ವರದಿಯ ಮೇಲೆ ಬೆಂಗಳೂರಿನ ಸಮಿತಿ ತೀರ್ಮಾನ ಮಾಡುತ್ತಿತ್ತು.

ನಾನು ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದೆ. ಆಫೀಸಿನಲ್ಲಿ ಬೇರೆ ಹೆಂಗಸರಿರಲಿಲ್ಲ. ಪ್ರೊಬೇಷನ್ನಿನ ಎರಡು ವರ್ಷ ಮುಗಿಯಲು ಇನ್ನೂ ಕೆಲವು ತಿಂಗಳು ಬಾಕಿ ಇದ್ದವು. ಹೆಚ್ಚು ಮಾತನಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅದನ್ನು ಕೆಲವರು ಅಹಂಕಾರ ಎಂದುಕೊಂಡರು, ನಾನು ತಿದ್ದಲು ಹೋಗಲಿಲ್ಲ.

ಒಂದು ದಿನ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ಪ್ರವಾಸಿಗರಿಗಾಗಿ ಕಟ್ಟುವ ತಂಗುದಾಣಗಳನ್ನೂ ಉದ್ಯಮವೆಂದೇ ಎಣಿಸಬೇಕು. ಹಿಂದುಳಿದ ಪ್ರದೇಶಗಳಲ್ಲಿ, ವಿಶೇಷವಾಗಿ ಸಮುದ್ರ ತೀರದಲ್ಲಿ, ಅಂಥ ಅರ್ಜಿಗಳಿಗೆ ಆದ್ಯತೆ ಕೊಡಬೇಕು ಎಂದು ಅದರಲ್ಲಿತ್ತು. ಜವಾನನಿಗೆ ಅದನ್ನು ಯಾರೋ ಓದಿ ಹೇಳಿದರು. ಅವನು ನಗುವುದನ್ನು ನಿಲ್ಲಿಸಲೇ ಇಲ್ಲ.

"ನಮ್ಮ ಸಮುದ್ರ ನೋಡ್ಲಿಕ್ಕೆ ಸಾಲ ಕೊಡ್ತಾರಂತೆ ಮಾರಾಯ್ರೇ! ನಾನು ಇಷ್ಟು ವರ್ಷ ಧರ್ಮಕ್ಕೆ ನೋಡಿದ್ದಲ್ಲ, ಅದಕ್ಕೆ ಎಂತ ಮಾಡುವುದು ಈಗ?"

ಮ್ಯಾನೇಜರು ಮೈಸೂರಿನ ಕಡೆಯವರು. ಅವರು ನಗಲಿಲ್ಲ. "ನಗಬೇಡಪ್ಪ. ನಾಳೆ ಇದೇ ದೊಡ್ಡ ಉದ್ಯಮ ಆಗತ್ತೆ. ಏನೂ ಇಲ್ಲದ ಜಾಗಕ್ಕೆ ರಸ್ತೆ ಬರತ್ತೆ, ದೀಪ ಬರತ್ತೆ, ನಾಲ್ಕು ಜನಕ್ಕೆ ಕೆಲಸ ಸಿಗತ್ತೆ" ಎಂದರು.

ನಾನೂ ಹಾಗೆಯೇ ನಂಬಿದ್ದೆ. ಓದುವಾಗ ಇದೇ ವಿಷಯದ ಮೇಲೆ ದೀರ್ಘ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ನಂಬಿಕೆಯನ್ನು ಈಗಲೂ ಪೂರ್ತಿ ಬಿಟ್ಟಿದ್ದೇನೆ ಎಂದು ಹೇಳಲಾರೆ.

ಮೊದಲ ಅರ್ಜಿ ಬಂದದ್ದು ಪೇಟೆಯಲ್ಲೊಂದು ಲಾಡ್ಜ್ ನಡೆಸುತ್ತಿದ್ದ ಐವತ್ತರ ಆಸುಪಾಸಿನ ಒಬ್ಬರಿಂದ. ಬೆಂಗ್ರೆಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿ ಹೊರಗಿನಿಂದ ಬರುವವರಿಗೆ ಬಾಡಿಗೆಗೆ ಕೊಡುವ ಯೋಜನೆ ಅವರದು. ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಆ ಮರಳಿನ ಪಟ್ಟಿಯಲ್ಲಿ ಅವರು ಕೇಳಿದ್ದ ತುಂಡು ಸರ್ಕಾರದ ಜಾಗ. ಅಲ್ಲಿ ಯಾರ ಬಳಕೆಯೂ ಇಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ನಮ್ಮ ವರದಿ ಹೇಳಿದರೆ ಕಂದಾಯ ಕಚೇರಿ ಅದನ್ನು ಅವರಿಗೆ ಗುತ್ತಿಗೆಗೆ ಕೊಡಲು ಸಿದ್ಧವಿತ್ತು. ಮ್ಯಾನೇಜರು ಫೈಲನ್ನು ನನ್ನ ಮೇಜಿನ ಮೇಲಿಟ್ಟರು. "ಹೊಸ ವಿಷಯ, ಹೊಸಬರೇ ನೋಡಲಿ" ಎಂದರು.

ಕ್ರಿಸ್ಮಸ್ ಕಳೆದ ಮೇಲಿನ ಒಂದು ಬೆಳಿಗ್ಗೆ ಅರ್ಜಿದಾರರೂ ನಾನೂ ಬಂದರಿನ ದಕ್ಕೆಯಿಂದ ದೋಣಿಯಲ್ಲಿ ದಾಟಿದೆವು. ಅವರು ಮಿತಭಾಷಿ. ದೋಣಿ ಇಳಿಯುವಾಗ ನನ್ನ ಚೀಲ ಹಿಡಿದುಕೊಂಡರು, ಇಳಿದ ಕೂಡಲೇ ಹಿಂದಿರುಗಿಸಿದರು. ಆಚೆ ದಡದಲ್ಲಿ ಹತ್ತಿಪ್ಪತ್ತು ಗಂಡಸರು ಕಾಯುತ್ತಿದ್ದರು. ಹೆಂಗಸರು ತೆಂಗಿನ ಮರಗಳ ಸಾಲಿನ ಹಿಂದೆ, ದೂರದಲ್ಲಿ ನಿಂತಿದ್ದರು. ಜಾಗದ ನಡುವೆ ಒಂದು ಕುರ್ಚಿ ಹಾಕಿದ್ದರು. ಅದು ಶಾಲೆಯಿಂದ ತಂದದ್ದೆಂದು ಬೆನ್ನಿನ ಮೇಲೆ ಬರೆದ ಅಕ್ಷರಗಳಿಂದ ತಿಳಿಯಿತು. ಕುಡಿಯಲು ಎಳನೀರಿನ ಬೊಂಡ ಕೊಟ್ಟರು.

ಬಹಳ ಚೊಕ್ಕಟವಾದ ಜಾಗ. ಗುಡಿಸಲುಗಳಿಗಿಂತ ಮುಂದೆ, ಸಮುದ್ರ ಉಬ್ಬಿದಾಗ ಭರತದ ನೀರು ತಲುಪದಷ್ಟು ಎತ್ತರದಲ್ಲಿ, ಮರದ ನೆರಳಿಲ್ಲದ ಗಟ್ಟಿ ಮರಳು. ಅದರ ಮೇಲೆ ಹಿಡಿಸೂಡಿಯಿಂದ ಗುಡಿಸಿದ ಗೆರೆಗಳು ಬಾಚಣಿಗೆಯಿಂದ ಎಳೆದ ಹಾಗೆ ಒಂದೇ ಸಮ ಇದ್ದವು. ನಾನು ಆ ಗೆರೆಗಳನ್ನು ನೋಡಿದೆ. ನೋಡಿ, ಶುಚಿಯಾಗಿ ಬದುಕುವ ಜನ ಎಂದುಕೊಂಡೆ.

ಹತ್ತಿರವಿದ್ದ ಒಬ್ಬ ಹಿರಿಯರನ್ನು ಕೇಳಿದೆ. "ಇಲ್ಲಿ ಎಂತದಾದ್ರೂ ಉಂಟಾ? ನೀವು ಇಲ್ಲಿ ಎಂತ ಮಾಡ್ತೀರಿ?"

"ಎಂತದೂ ಇಲ್ಲ ಅಮ್ಮ. ನೀವೇ ನೋಡಿ, ಒಂದು ಕಸ ಕೂಡ ಇಲ್ಲ" ಎಂದು ಅವರು ಹೆಮ್ಮೆಯಿಂದ ಕೈ ಬೀಸಿ ತೋರಿಸಿದರು.

ಆ ಹೆಮ್ಮೆ ಯಾತಕ್ಕೆಂದು ನಾನು ಕೇಳಿಕೊಳ್ಳಲಿಲ್ಲ. ನಮೂನೆಯಲ್ಲಿ 'ಪ್ರಸ್ತುತ ಬಳಕೆ' ಎಂಬ ಅಂಕಣವಿತ್ತು. ಅದರ ಮುಂದೆ ಬರೆದೆ: 'ಇಲ್ಲ. ಸ್ಥಳ ಖಾಲಿಯಾಗಿದ್ದು ಶುಚಿಯಾಗಿದೆ. ಸ್ಥಳೀಯರ ಆಕ್ಷೇಪಣೆ ಇಲ್ಲ.' ಸಂಜೆಯೊಳಗೆ ಟೈಪಾಗಿ, ಮರುದಿನ ಬೆಂಗಳೂರಿಗೆ ಹೋಯಿತು.

ಕಂಕನಾಡಿಯಲ್ಲಿದ್ದ ನಮ್ಮ ಮನೆಗೆ ವಾರದಲ್ಲಿ ಎರಡು ಮೂರು ಸಲ ಮೀನು ತರುವ ಒಬ್ಬಳು ಹೆಂಗಸಿದ್ದಳು. ಬೆಂಗ್ರೆಯವಳು, ಗಂಡ ಸತ್ತು ಬಹಳ ವರ್ಷವಾಗಿತ್ತು. ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ಅಡುಗೆಮನೆಯ ಹಿಂಬಾಗಿಲಲ್ಲಿ ಅವಳ ಬುಟ್ಟಿ ಇಳಿಯುತ್ತಿತ್ತು. ನಮ್ಮ ಮನೆಮಾತು ಕೊಂಕಣಿ, ಅವಳೊಡನೆ ನಾವು ತುಳು ಆಡುತ್ತಿದ್ದೆವು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನನ್ನು ಅವಳು ಬಾಯಮ್ಮ ಎನ್ನುತ್ತಿದ್ದಳು, ಕ್ರಿಶ್ಚನ್ನರ ಮನೆಯ ಯಜಮಾನಿಯನ್ನು ನಮ್ಮ ಕಡೆ ಹಾಗೆಯೇ ಕರೆಯುವುದು.

ವರದಿ ಹೋದ ವಾರದ ಶನಿವಾರ, ಮಧ್ಯಾಹ್ನ ಆಫೀಸಿನಿಂದ ಬಂದು ನಾನು ಒಳಗೆ ಸೀರೆ ಮಡಚುತ್ತಿದ್ದೆ. ಹಿಂಬಾಗಿಲಲ್ಲಿ ಅಮ್ಮ ಒಣಮೀನು ಮುಟ್ಟಿ ನೋಡಿ ತಕರಾರು ತೆಗೆದದ್ದು ಕೇಳಿಸಿತು.

"ಇದೆಂತ ಇಷ್ಟು ಮೆತ್ತಗೆ? ಒಣಗಲೇ ಇಲ್ಲ. ಮಳೆಗಾಲಕ್ಕೆ ಇಟ್ಟರೆ ಹುಳ ಬೀಳ್ತದೆ."

"ನಡುವಿನಲ್ಲಿ ಬಿಸಿಲಿಗೆ ಹಾಕಲಿಕ್ಕೆ ಆಗಲಿಲ್ಲ ಬಾಯಮ್ಮ."

"ಮೋಡ ಎಲ್ಲಿತ್ತು? ನಮ್ಮ ಹಪ್ಪಳ ಒಂದೇ ದಿನಕ್ಕೆ ಒಣಗಿದೆ."

"ಮೋಡ ಅಲ್ಲ, ಆಫೀಸರ್!" ಅವಳು ನಗತೊಡಗಿದಳು. "ಸರ್ಕಾರದಿಂದ ಆಫೀಸರ್ ಬರ್ತಾರೆ, ಅದೂ ಹೆಂಗಸು ಅಂತ ಸುದ್ದಿ ಬಂತು. ಗಂಡಸು ಆಗಿದ್ರೆ ಮೂಗು ಮುಚ್ಚಿಕೊಂಡು ನೋಡಿ ಹೋಗ್ಲಿ ಅಂತ ಬಿಡ್ತಿದ್ದೆವು. ಹೆಂಗಸು ಅಂದ್ಮೇಲೆ ನಮ್ಮ ಮರ್ಯಾದೆ ಅಲ್ವಾ? ಅವಳ ಸೀರೆಗೆ ವಾಸನೆ ಹಿಡಿಯಬಾರದು. ಎರಡು ದಿನ ಮೊದಲೇ ಎಲ್ಲ ಮೀನು ಎತ್ತಿದೆವು, ಚಾಪೆ ಸುತ್ತಿ ಒಳಗಿಟ್ಟೆವು, ಬಲೆ ಕೂಡ ತೆಗೆಸಿದೆವು. ಸೊಂಟ ಬಿದ್ದು ಹೋಗುವಷ್ಟು ಗುಡಿಸಿದ್ದು. ಆ ದಿನ ನನಗೆ ನೋಡಲಿಕ್ಕೂ ಸಿಗಲಿಲ್ಲ, ಮಾರ್ಕೆಟ್ಟಿಗೆ ಬಂದಿದ್ದೆ."

"ಎಂತಕ್ಕೆ ಬಂದದ್ದಂತೆ?"

"ಬಾವಿಗೆ ಅಂತ ಹೇಳ್ತಾರೆ. ನಮ್ಮಲ್ಲಿ ಸಿಹಿನೀರಿಗೆ ಕಷ್ಟ ಉಂಟಲ್ಲ."

ಅಮ್ಮನಿಗೆ ನಾನು ಬೆಂಗ್ರೆಗೆ ಹೋದದ್ದು ಗೊತ್ತಿತ್ತು, ಯಾತಕ್ಕೆಂದು ಗೊತ್ತಿರಲಿಲ್ಲ. ಅವಳು ಸಂತೋಷದಿಂದಲೇ ಹೇಳಿದಳು. "ಅಯ್ಯೋ ಮಾರಾಯ್ತಿ, ಆ ಆಫೀಸರ್ ನನ್ನ ಮಗಳೇ! ಒಳಗೆ ಉಂಟು ನೋಡು."

ನಾನು ಹೊರಗೆ ಬರಬೇಕಾಯಿತು. ಅವಳು ಎರಡು ಕೈಯಿಂದ ತೊಡೆ ಬಡಿದುಕೊಂಡು ನಕ್ಕಳು. "ನೀನಾ ಮಗಾ? ನಿನಗೆ ಮೀನಿನ ವಾಸನೆಯಾ? ನನ್ನ ಬುಟ್ಟಿಯ ಬಂಗುಡೆ ತಿಂದು ಇಷ್ಟು ಉದ್ದ ಬೆಳೆದದ್ದಲ್ವಾ ನೀನು! ಗೊತ್ತಿದ್ರೆ ಯಾರೂ ಹಿಡಿಸೂಡಿ ಮುಟ್ತಿರಲಿಲ್ಲ. ಹೇಳು, ಬಾವಿ ಯಾವಾಗ?"

ಬಾವಿಯಲ್ಲ ಎಂದೆ. ಯಾತಕ್ಕಾಗಿ ಬಂದಿದ್ದೆ ಎಂಬುದನ್ನು, ಸುತ್ತಿ ಬಳಸದೆ, ಹೇಳಿದೆ. ಪ್ರವಾಸಿಗರಿಗೆ ಮನೆಗಳು, ಅದಕ್ಕೆ ನಮ್ಮ ಸಾಲ, ಆ ಜಾಗದ ಗುತ್ತಿಗೆ. ಅವಳ ಮುಖದ ನಗು ಒಮ್ಮೆಲೇ ಹೋಗಲಿಲ್ಲ, ಅರ್ಥವಾಗುತ್ತ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಹೋಯಿತು.

"ಮತ್ತೆ ನಾವು ಮೀನು ಎಲ್ಲಿ ಹಾಕುವುದು?"

"ಆಚೆ ಈಚೆ ಜಾಗ ಇಲ್ವಾ?"

"ಆಚೆ ತೆಂಗಿನ ನೆರಳು, ಈಚೆ ಭರತದ ನೀರು. ಬಿಸಿಲು ಬೀಳುವ ಗಟ್ಟಿ ನೆಲ ಅದೊಂದೇ. ಗಂಡಸರಿಗೆ ಬಲೆಯಲ್ಲಿ ಪಾಲು ಉಂಟು. ಗಂಡ ಇಲ್ಲದ ನಮಗೆ ಪಾಲು ಯಾರು ಕೊಡ್ತಾರೆ? ಒಣಗಿಸಿದ್ರೆ ಊಟ." ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು. "ನೀನು ಎಂತ ಬರೆದದ್ದು?"

"ಖಾಲಿ ಉಂಟು ಅಂತ."

"ಖಾಲಿ ಮಾಡಿದ್ದು ನಿನಗೋಸ್ಕರ ಮಗಾ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಅಮ್ಮ ಒಣಮೀನು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಆ ಭಾನುವಾರ ಇಗರ್ಜಿಯ ಪೂಜೆಗೆ ಹೋದರೂ ನನಗೆ ಪ್ರಾರ್ಥನೆ ಸಾಧ್ಯವಾಗಲಿಲ್ಲ. ನಾನು ಸುಳ್ಳು ಬರೆದಿರಲಿಲ್ಲ, ಕಂಡದ್ದನ್ನೇ ಬರೆದಿದ್ದೆ. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಸಮುದ್ರದ ದಂಡೆಯಲ್ಲಿ, ಮೀನಿನ ಸುಗ್ಗಿಯ ಕಾಲದಲ್ಲಿ, ಮೀನೇ ಇಲ್ಲದ ಮರಳನ್ನು ನೋಡಿ ನನಗೇಕೆ ಆಶ್ಚರ್ಯವಾಗಲಿಲ್ಲ? ಮೈಸೂರಿನಿಂದ ಬಂದವರಾದರೆ ಸರಿ. ನಾನು ಈ ಊರಿನವಳು. ಮಳೆಗಾಲದ ಮೂರು ತಿಂಗಳು ನಮ್ಮ ಮನೆಯ ಸಾರಿಗೆ ಬೀಳುತ್ತಿದ್ದದ್ದು ಅದೇ ಮರಳಿನ ಮೇಲೆ ಒಣಗಿದ ಮೀನು.

ಸೋಮವಾರ ಅರ್ಧ ದಿನದ ರಜೆ ಹಾಕಿ, ಯಾರಿಗೂ ಹೇಳದೆ, ಬೆಳಗಿನ ಮೊದಲ ದೋಣಿಯಲ್ಲಿ ಹೋದೆ. ಜೊತೆಗೆ ಅಳತೆಯ ಟೇಪು ಒಯ್ದಿದ್ದೆ.

ಜಾಗ ಗುರುತೇ ಸಿಗದ ಹಾಗೆ ತುಂಬಿತ್ತು. ತುದಿಯಿಂದ ತುದಿಗೆ ಚಾಪೆಗಳು, ಅವುಗಳ ಮೇಲೆ ಸೀಳಿದ ಬಂಗುಡೆ, ಬೂತಾಯಿ. ಒಂದೊಂದು ಕುಟುಂಬದ ಪಾಲಿಗೆ ಒಂದೊಂದು ಸಾಲು, ಸಾಲುಗಳ ನಡುವೆ ಚಿಪ್ಪುಗಳನ್ನು ಹೂತು ಮಾಡಿದ ಗಡಿ. ಹದಿನೈದಿಪ್ಪತ್ತು ಹೆಂಗಸರು ಬಗ್ಗಿ ಮೀನು ಮಗುಚುತ್ತಿದ್ದರು. ಈ ಸಲ ನನ್ನನ್ನು ಕಂಡು ಯಾರೂ ಮರದ ಹಿಂದೆ ಹೋಗಲಿಲ್ಲ.

"ಅಮ್ಮ ಬಂದ್ರು! ಹಿಡಿಸೂಡಿ ತನ್ನಿ, ಬೇಗ ಗುಡಿಸಿ!" ಎಂದು ಒಬ್ಬಳು ಕೂಗಿದಳು. ಉಳಿದವರು ನಕ್ಕರು.

ಇನ್ನೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. "ಇವತ್ತು ಕುರ್ಚಿ ಇಲ್ಲ ಅಮ್ಮ. ಶಾಲೆಗೆ ವಾಪಸ್ ಹೋಯ್ತು. ಮೀನಿನ ಮೇಲೆ ಕೂತ್ಕೊಳ್ಳಿ."

ನಮ್ಮ ಮನೆಗೆ ಬರುವವಳು ಮಾತ್ರ ನಗಲಿಲ್ಲ. ನನ್ನ ಕೈಯಿಂದ ಟೇಪಿನ ಒಂದು ತುದಿ ತೆಗೆದುಕೊಂಡು ಆ ಕಡೆಗೆ ನಡೆದಳು. ಉದ್ದ, ಅಗಲ, ಸಾಲುಗಳ ಸಂಖ್ಯೆ ಎಲ್ಲವನ್ನೂ ಬರೆದುಕೊಂಡೆ. ಗೇಲಿ ಮಾಡಿದವರೇ ಕೊನೆಗೆ ಹತ್ತಿರ ಬಂದು, ಈ ಸಾಲು ಯಾರದು, ಆ ಸಾಲು ಯಾರದು ಎಂದು ಹೇಳಿದರು.

ಆಫೀಸಿಗೆ ಬಂದಾಗ ನನ್ನ ಸೀರೆಗೆ ವಾಸನೆ ಹಿಡಿದಿತ್ತು. ಮೇಜಿನಾಚೆಯ ಗುಮಾಸ್ತರು ಮೂಗೇರಿಸಿದರು. "ಮೇಡಂ ಮಾರ್ಕೆಟ್ಟಿನಿಂದ ಬಂದದ್ದಾ?" ನಾನು ನೇರವಾಗಿ ಮ್ಯಾನೇಜರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ.

ಅವರು ಸಾವಧಾನವಾಗಿ ಕೇಳಿದರು. ಸಮಿತಿ ಸೇರಲು ಇನ್ನೂ ಹತ್ತು ದಿನವಿತ್ತು. ಪೂರಕ ವರದಿ ಕಳುಹಿಸಬಹುದು ಎಂದರು. ಒಂದು ಹಾಳೆ ಎಳೆದುಕೊಂಡು ತಾವೇ ಒಂದು ವಾಕ್ಯ ಬರೆದು ನನ್ನ ಕಡೆಗೆ ತಿರುಗಿಸಿದರು. 'ಮೊದಲ ಭೇಟಿಯ ತರುವಾಯ ಸದರಿ ಸ್ಥಳದಲ್ಲಿ ಮೀನು ಒಣಗಿಸುವ ಬಳಕೆ ಕಂಡುಬಂದಿದೆ.'

"ಇಷ್ಟು ಸಾಕು. ಸುಳ್ಳೇನೂ ಇಲ್ಲ ಇದರಲ್ಲಿ. ನಿಮಗೂ ತೊಂದರೆ ಇಲ್ಲ."

ನಾನು ಅದನ್ನು ಎರಡು ಸಲ ಓದಿದೆ. "ಹೀಗೆ ಬರೆದರೆ ಅವರು ಈಗ ಬಂದು ಕೂತವರು ಎಂದಾಗ್ತದೆ, ಸರ್. ಅರ್ಜಿಯ ವಿಷಯ ಗೊತ್ತಾಗಿ ಅತಿಕ್ರಮಣ ಮಾಡಿದವರು ಎಂದು ಕಂದಾಯದವರು ಎಬ್ಬಿಸಬಹುದು."

"ಹಾಗಾದರೆ ಏನು ಬರೀತೀರಿ?"

"ಮೊದಲಿನಿಂದಲೂ ಬಳಕೆ ಇತ್ತು, ನಾನು ವಿಚಾರಿಸಲಿಲ್ಲ ಅಂತ."

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ನಿಮ್ಮ ಪ್ರೊಬೇಷನ್ ಮುಗಿಯೋದು ಜೂನ್‌ನಲ್ಲಿ. ಹೆಣ್ಣುಮಗಳನ್ನ ತಪಾಸಣೆಗೆ ಕಳಿಸಬೇಡಿ ಅಂದವರು ಬೆಂಗಳೂರಲ್ಲಿ ಇದ್ದಾರೆ. ಅವರ ಕೈಗೆ ನೀವೇ ಕೋಲು ಕೊಡ್ತಿದ್ದೀರಿ. ನಾಳೆ ಬೆಳಿಗ್ಗೆ ಹೇಳಿ."

ಆ ಮಾತು ಬೆದರಿಕೆಯಾಗಿರಲಿಲ್ಲ, ಕಾಳಜಿಯಾಗಿತ್ತು. ಆದ್ದರಿಂದ ಎದುರಿಸುವುದು ಹೆಚ್ಚು ಕಷ್ಟವಾಯಿತು. ನನಗೆ ಆ ಕೆಲಸ ಬೇಕಿತ್ತು. ತಂದೆ ಶಾಲಾ ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ನನಗೆ ಆ ಕೆಲಸ ಇಷ್ಟವಿತ್ತು. ಒಂದು ಜಾಗಕ್ಕೆ ಹೋಗಿ, ನೋಡಿ, ನೋಡಿದ್ದನ್ನು ಸರಿಯಾದ ಮಾತುಗಳಲ್ಲಿ ಬರೆಯುವುದು ನನಗೆ ಬರುತ್ತದೆ ಎಂದು ನಂಬಿದ್ದೆ. ಆ ನಂಬಿಕೆ ತಪ್ಪೆಂದು ನಾನೇ ಸಹಿ ಹಾಕಿ ಒಪ್ಪಿಕೊಳ್ಳಬೇಕಿತ್ತು.

ಮರುದಿನ ಪೂರಕ ವರದಿಯನ್ನು ನಾನೇ ಟೈಪು ಮಾಡಿದೆ: ನನ್ನ ಭೇಟಿಯ ಗೌರವಾರ್ಥ ಅಲ್ಲಿಯ ಹೆಂಗಸರು ಜಾಗವನ್ನು ತೆರವು ಮಾಡಿದ್ದರು. ನಾನು ಕಾರಣ ವಿಚಾರಿಸದೆ, ಅವರಲ್ಲಿ ಒಬ್ಬರನ್ನೂ ಮಾತನಾಡಿಸದೆ, ಖಾಲಿ ಎಂದು ನಮೂದಿಸಿದ್ದು ನನ್ನ ಲೋಪ. ಈ ಜಾಗ ಅವರ ಜೀವನೋಪಾಯ. ಮ್ಯಾನೇಜರು ಓದಿ ಅಡಿಯಲ್ಲಿ ರುಜು ಹಾಕಿದರು. ಆ ರುಜುವಿಗಾಗಿ ನಾನು ಅವರಿಗೆ ಇಂದಿಗೂ ಕೃತಜ್ಞಳು.

ಸುದ್ದಿ ತಿಳಿದು ಅರ್ಜಿದಾರರು ಆಫೀಸಿಗೆ ಬಂದರು. ನನ್ನ ಮೇಜಿನ ಮುಂದೆ ನಿಂತೇ ಮಾತನಾಡಿದರು. "ನಾನು ನಿಮಗೆ ಸುಳ್ಳು ಹೇಳಲಿಲ್ಲ."

"ಇಲ್ಲ. ನಾನು ಕೇಳಲಿಲ್ಲ."

"ಅಲ್ಲಿಯವರಿಗೇ ಕೆಲಸ ಕೊಡಬೇಕು ಅಂತ ಇದ್ದೆ ನಾನು. ಗುಡಿಸಲಿಕ್ಕೆ, ಒಗೆಯಲಿಕ್ಕೆ. ಬಿಸಿಲಲ್ಲಿ ಮೀನು ಮಗುಚುವುದಕ್ಕಿಂತ ಒಳ್ಳೆಯದಲ್ವಾ ಅದು?"

ಅವರು ನಿಜವಾಗಿ ಹಾಗೆ ನಂಬಿದ್ದರು ಎಂದೇ ನನ್ನ ಭಾವನೆ. "ಅದನ್ನು ಅವರನ್ನೇ ಕೇಳಬೇಕು" ಎಂದೆ. ಅವರು ತಲೆಯಾಡಿಸಿ ಹೋದರು. ಅವರನ್ನು ಆಮೇಲೆ ದಾರಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ನಮಸ್ಕಾರ ಮಾಡುತ್ತಾರೆ, ನಿಲ್ಲುವುದಿಲ್ಲ.

ಫೆಬ್ರವರಿಯಲ್ಲಿ ತೀರ್ಮಾನ ಬಂತು. ಈ ಸ್ಥಳಕ್ಕೆ ಸಾಲ ಸಾಧ್ಯವಿಲ್ಲ, ಬೇರೆ ಸ್ಥಳ ಸೂಚಿಸಿದರೆ ಪರಿಶೀಲಿಸಬಹುದು ಎಂದಿತ್ತು. ಜೊತೆಗೆ ನನ್ನ ಹೆಸರಿಗೊಂದು ಬೇರೆ ಲಕೋಟೆ. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಗಿತ್ತು, ಆವರೆಗೆ ಸ್ಥಳ ತಪಾಸಣೆಯಿಂದ ನನಗೆ ಬಿಡುವು. ಲಕೋಟೆಯನ್ನು ಮನೆಯಲ್ಲಿ ತೋರಿಸಲಿಲ್ಲ. ವಿಷಯವನ್ನು ಮಾತ್ರ ಹೇಳಿದೆ. ತಂದೆ ಪತ್ರಿಕೆಯಿಂದ ತಲೆಯೆತ್ತಿ, "ವರದಿಯ ಪ್ರತಿ ಇಟ್ಟುಕೊಂಡಿದ್ದೀಯಾ?" ಎಂದು ಕೇಳಿದರು. ಹೌದೆಂದೆ. ಅವರು ಮತ್ತೆ ಓದತೊಡಗಿದರು.

ಮೀನು ತರುವವಳಿಗೆ ನಾನೇ ಹೇಳಬೇಕೆಂದು ಆ ಶನಿವಾರ ಹಿಂಬಾಗಿಲಲ್ಲಿ ಕಾದು ನಿಂತೆ. ಕೇಳಿ ಅವಳು ಮೆಟ್ಟಿಲ ಮೇಲೆ ಕೂತಳು.

"ಅಂದ್ರೆ ಜಾಗ ನಮ್ಮದಾಯ್ತಾ?"

"ಇಲ್ಲ. ಸರ್ಕಾರದ್ದೇ. ಈ ಸಲ ಅವರಿಗೆ ಕೊಡಲಿಲ್ಲ, ಅಷ್ಟೆ."

"ಮತ್ತೊಬ್ಬ ಕೇಳಿದ್ರೆ?"

"ಮತ್ತೊಬ್ಬ ಆಫೀಸರ್ ಬಂದು ನೋಡಿ ಬರೀತಾರೆ."

"ನೀನು ಒಂದು ಕಾಗದ ಬರೆದೆ, ಹೋಗುತ್ತಿತ್ತು. ಇನ್ನೊಂದು ಬರೆದೆ, ಉಳಿಯಿತು. ಹಾಗಾದ್ರೆ ನಾವು ಇಷ್ಟು ವರ್ಷ ಅಲ್ಲಿ ಮಾಡಿದ್ದಕ್ಕೆ ಎಂತ ಬೆಲೆ ಉಂಟು ಮಗಾ?"

ನನಗೆ ಗೊತ್ತಿದ್ದದ್ದು ಒಂದೇ ಕೆಲಸ. "ನಿಮ್ಮ ಹೆಸರಿನಲ್ಲಿ ಒಂದು ಕಾಗದ ಇರಬೇಕು" ಎಂದೆ.

ಮರುದಿನ ಅವಳು ಇನ್ನಿಬ್ಬರನ್ನು ಕರೆದುಕೊಂಡು ಬಂದಳು, ಅವರಲ್ಲಿ ಒಬ್ಬಳು ಕುರ್ಚಿಯ ಮಾತಾಡಿದವಳು. ಕಂದಾಯ ಕಚೇರಿಗೆ ಅರ್ಜಿ ಬರೆಯತೊಡಗಿದೆ. ಎಷ್ಟು ವರ್ಷದಿಂದ ಬಳಕೆ ಎಂಬಲ್ಲಿ ನಿಂತಿತು. ಮೂವರೂ ವರ್ಷ ಹೇಳಲಾರರು. ಒಬ್ಬಳು ತಾನು ಮದುವೆಯಾಗಿ ಬಂದಾಗ ತನ್ನ ಅತ್ತೆ ಯಾವ ಸಾಲಿನಲ್ಲಿ ಕೂರುತ್ತಿದ್ದಳೆಂದು ಹೇಳಿದಳು. ಇನ್ನೊಬ್ಬಳು, ಆ ಅತ್ತೆಗೆ ಸಾಲು ಬಿಟ್ಟುಕೊಟ್ಟವಳು ಯಾರೆಂದು ಹೇಳಿದಳು. ಅಂದಾಜಿನ ಒಂದು ಸಂಖ್ಯೆ ಹಾಕಬಹುದಿತ್ತು. ಹಾಕಲಿಲ್ಲ. ಅವರು ಹೇಳಿದ ಹಾಗೆಯೇ, ಯಾರ ನಂತರ ಯಾರು ಎಂದು, ಒಂದೂವರೆ ಪುಟ ಬರೆದೆ. ಮೂವರೂ ಹೆಬ್ಬೆಟ್ಟು ಒತ್ತಿದರು. ಉಳಿದವರ ಹೆಬ್ಬೆಟ್ಟು ಬೆಂಗ್ರೆಯಲ್ಲಿ ಬಿತ್ತು.

ಅರ್ಜಿ ಕೊಂಡುಹೋದಾಗ ಕಚೇರಿಯವರು ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. ಕೇಳಿ ತನ್ನಿ ಎಂದು ನಾನು ಹಿಂದಕ್ಕೆ ಕಳುಹಿಸಿದೆ. ಎರಡನೆಯ ಸಲವೂ ಬರಿಗೈಯಲ್ಲಿ ಬಂದರು. ಮೂರನೆಯ ಸಲ ಐದಾರು ಜನ ಒಟ್ಟಿಗೆ ಹೋಗಿ ಬುಟ್ಟಿಗಳನ್ನು ವರಾಂಡದಲ್ಲಿಟ್ಟು ಕೂತರಂತೆ. ಅರ್ಧ ಗಂಟೆಯೊಳಗೆ ಸಿಕ್ಕಿತು.

ಅವಳು ಅದನ್ನು ತಂದು ನನ್ನ ಕೈಗೆ ಕೊಟ್ಟಳು. ಅಂಗೈಯಗಲದ ಚೀಟಿ, ಮೊಹರು, ಒಂದು ನಂಬರು.

"ಇದರಲ್ಲಿ ಎಂತ ಉಂಟು?"

"ಅರ್ಜಿ ಬಂದಿದೆ ಅಂತ."

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೆ."

ಅವಳು ಚೀಟಿಯನ್ನು ವಾಪಸ್ಸು ಪಡೆದು, ಒದ್ದೆ ಕೈ ತಾಗದ ಹಾಗೆ ಅಂಚಿನಲ್ಲಿ ಹಿಡಿದು, ಅಮ್ಮನ ಹತ್ತಿರ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಕೇಳಿದಳು.